ಪೇಟೆ ಉಸಿರಾಡುತ್ತಿರುವಾಗ ಲಾರಿ ಯಾಕೆ?

ಪರಿಹಾರ ಸಂಸ್ಥೆಯೊಂದರಲ್ಲಿ ಖರೀದಿ ಲೆಕ್ಕ ನೋಡಿಕೊಂಡು ಬಂದವಳು ನಾನು. ಎಲ್ಲೋ ಯುದ್ಧ ಶುರುವಾಯಿತು ಎಂದರೆ ದಾನಿಗಳು ಮೊದಲು ಕೇಳುವುದು, 'ಎಷ್ಟು ಲಾರಿ ಕಳಿಸ್ತೀರಿ?' ನಾನು ಕೇಳುವುದು, ಅಲ್ಲಿನ ಚಿಲ್ಲರೆ ಅಂಗಡಿಯವರಿಗೆ ಸಗಟು ವರ್ತಕರು ಇನ್ನೂ ಉದ್ದರಿ ಕೊಡುತ್ತಿದ್ದಾರಾ ಅಂತ.

ಎಷ್ಟೋ ಕಡೆ ಮಾಲಿಗಿಂತ ಮೊದಲು ನಿಲ್ಲುವುದು ಉದ್ದರಿ. ನಾಳೆ ದಾರಿ ತೆರೆದಿರುತ್ತದೋ ಇಲ್ಲವೋ ಗೊತ್ತಿಲ್ಲದ ಸಗಟು ವರ್ತಕ ರೊಕ್ಕ ಇಟ್ಟು ಮೂಟೆ ಎತ್ತು ಎನ್ನುತ್ತಾನೆ. ಪಕ್ಕದ ಊರಿನ ಗೋದಾಮಿನಲ್ಲಿ ಧಾನ್ಯ ಇದ್ದರೂ ಈ ಊರಿನ ಅಂಗಡಿ ಖಾಲಿ. ಅಂಥ ಹೊತ್ತಲ್ಲಿ ನಾವು ಪುಕ್ಕಟೆ ಧಾನ್ಯ ಸುರಿದರೆ ಅಂಗಡಿಯವನ ಅಳಿದುಳಿದ ಗಿರಾಕಿಯೂ ಹೋದ.

ಧಾನ್ಯದ ಬದಲು ಹಣ ಕೊಡುವುದಕ್ಕೆ ಸೊಮಾಲಿಯಾದ ಉದಾಹರಣೆ ಪದೇ ಪದೇ ಹೇಳುತ್ತೇನೆ. ವಿಶ್ವಸಂಸ್ಥೆಯ ಆಹಾರ ನೆರವಿನ ಸಂಸ್ಥೆ 'ವಿಶ್ವ ಆಹಾರ ಕಾರ್ಯಕ್ರಮ' 2010ರ ಜನವರಿಯಲ್ಲೇ ದಕ್ಷಿಣದ ಬಹುಭಾಗದಿಂದ ಹೊರಬಂದಿತ್ತು. 2011ರ ಜುಲೈನಲ್ಲಿ ವಿಶ್ವಸಂಸ್ಥೆ ಅಲ್ಲಿ ಕ್ಷಾಮ ಘೋಷಿಸಿತು. ಆಗ ಹಲವು ಸಂಸ್ಥೆಗಳು ಹವಾಲಾ ಏಜೆಂಟರ (ಅಲ್ಲಿ ಹಣ ರವಾನೆಯ ಮಾಮೂಲಿ ದಾರಿ ಅದು) ಮೂಲಕ ಕುಟುಂಬಗಳಿಗೆ ಹಣ ಮುಟ್ಟಿಸಿದವು. ಹಣ ಕಂಡಲ್ಲಿಗೆ ವರ್ತಕರು ಮಾಲು ತಂದರು. ಊರ ಪ್ರಮುಖರು ಆ ಹಣದಲ್ಲಿ ಪಾಲು ಕಿತ್ತುಕೊಂಡದ್ದೂ ಉಂಟು. (ಲಾರಿಯ ಧಾನ್ಯದಲ್ಲಿ ಕಿತ್ತುಕೊಳ್ಳುವುದಿಲ್ಲವೇನು?)

ಸುಡಾನ್ ಕತೆ ಇನ್ನೂ ಜಟಿಲ. 2023ರ ಏಪ್ರಿಲ್ 15ಕ್ಕೆ ಯುದ್ಧ ಶುರುವಾದ ಮೇಲೆ ನೋಟು ಸಿಗುವುದೇ ಕಷ್ಟವಾಯಿತು. ಬ್ಯಾಂಕ್ ಆಫ್ ಖಾರ್ಟೂಮಿನ 'ಬಂಕಕ್' ಆ್ಯಪ್ ಜನರ ಕೈಚೀಲವಾಯಿತು. ಹೊರದೇಶದಲ್ಲಿರುವ ಬಂಧುಗಳ ಹಣ ಬಂದದ್ದೂ, 'ತುರ್ತು ಸ್ಪಂದನಾ ಕೊಠಡಿ' ಎಂಬ ಸ್ಥಳೀಯ ಸ್ವಯಂಸೇವಕ ಗುಂಪುಗಳ ಯುವಕರು ಸಾಮೂಹಿಕ ಅಡುಗೆಮನೆಗೆ ಬೇಳೆಕಾಳು ಕೊಂಡದ್ದೂ ಅದರಲ್ಲೇ. 2024ರ ಫೆಬ್ರವರಿಯಲ್ಲಿ ದೂರವಾಣಿ ಜಾಲ ಕಡಿದಾಗ ಸ್ಟಾರ್‌ಲಿಂಕ್ ಎಂಬ ಉಪಗ್ರಹ ಇಂಟರ್ನೆಟ್ ಇಟ್ಟವರ ಹತ್ತಿರ ದುಡ್ಡು ಕೊಟ್ಟು ಕೂರಬೇಕಾಯಿತು. ಆ್ಯಪಿನ ಹಣವನ್ನು ನೋಟು ಮಾಡಿಸಲು ಬೇರೆ ಕಮಿಷನ್. ಬಡವರ ರೊಟ್ಟಿಯ ಒಂದು ತುಂಡು ಅಲ್ಲೇ ಮುರಿಯಿತು.

ಹಾಗಂತ ಎಲ್ಲೆಡೆ ಹಣವೇ ಮದ್ದಲ್ಲ. 2024ರ ಮೇನಿಂದ 2025ರ ಅಕ್ಟೋಬರ್‌ವರೆಗೆ ಮುತ್ತಿಗೆಗೆ ಸಿಕ್ಕಿದ್ದ, ಸುಡಾನಿನ ದಾರ್ಫುರ್ ಪ್ರದೇಶದ ಎಲ್-ಫಾಶರ್‌ನಂಥ ಊರಿಗೆ ಮಾಲೇ ಬರದಿದ್ದರೆ ಹಣ ಹಂಚಿ ಬೆಲೆ ಏರಿಸಿದಂತಾಗುತ್ತದೆ, ಅಷ್ಟೇ. ಅಂಥಲ್ಲಿ ದಾರಿ ಬಿಡಿಸುವುದೇ ವ್ಯಾಪಾರಕ್ಕೆ ಮಾಡುವ ಸಹಾಯ.

ನನ್ನ ನಿಜವಾದ ಸಿಟ್ಟು ಮಾತ್ರ ನಮ್ಮಂಥ ಕಚೇರಿಗಳ ಮೇಲೆ. ಗುಂಡಿನ ಸದ್ದಿನ ನಡುವೆ ಅಂಗಡಿ ತೆರೆದವನಿಂದ ಮೂರು ಕೊಟೇಶನ್ನು, ತೆರಿಗೆ ನೋಂದಣಿ, ಮೊಹರು ಹಾಕಿದ ರಸೀದಿ ಕೇಳುತ್ತೇವೆ. ಮಾಲು ಇಳಿಸಿಕೊಂಡು ಬಿಲ್ಲನ್ನು ತಿಂಗಳುಗಟ್ಟಲೆ ಎಳೆಯುತ್ತೇವೆ. ಅಲ್ಲಿಗೆ ಪರಿಹಾರ ಸಂಸ್ಥೆಗೇ ಆ ಬಡಪಾಯಿ ಉದ್ದರಿ ಕೊಟ್ಟಂತಾಯಿತು. ಮುಂಗಡ ಕೊಡಲು ನಮ್ಮ ನಿಯಮಪುಸ್ತಕದಲ್ಲೇ ಅವಕಾಶವಿದೆ. ಸಹಿ ಹಾಕುವವರು ಸಿಗಬೇಕು.