ಇನ್ನೊಂದು ಗಂಟು

ಕೊನೆಕೊಯ್ಲಿನ ಸಮಯ. ರಾತ್ರಿ ಊಟ ಮುಗಿಸಿ ಎಲ್ಲರೂ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದೆವು. ಆಯಿ ಸುಲಿಯುವುದನ್ನು ಬಿಟ್ಟು ಎಡಗಿವಿಯ ಕೆಳಗೆ ಬೆರಳಿಟ್ಟು ಕೂತಿದ್ದಳು. "ಇಲ್ನೋಡು ತಮಾ, ಇನ್ನೊಂದು ಗಂಟಿದ್ದು." ಮುಟ್ಟಿ ನೋಡಿದೆ. ಸುಲಿದ ಅಡಿಕೆಯಷ್ಟೇ ದಪ್ಪ. ಒತ್ತಿದರೆ ಜಾರುತ್ತಿತ್ತು, ನೋವಿರಲಿಲ್ಲ.

ಆಯಿಗೆ ಸಾರ್ಕಾಯ್ಡೋಸಿಸ್, ಅಂದರೆ ಮೈಯೊಳಗೆ ಅಲ್ಲಲ್ಲಿ ಉರಿಯೂತದ ಸಣ್ಣ ಗಂಟು ಏಳುವ ಕಾಯಿಲೆ, ಎಂದು ಗೊತ್ತಾಗಿ ಆಗ ಮೂರು ವರ್ಷ. ಅದಕ್ಕೂ ಮೊದಲು ಒಂದು ಕಡೆ ಎಕ್ಸ್‌ರೇಯಲ್ಲಿ ಊದಿದ ಗ್ರಂಥಿ ನೋಡಿಯೇ ಟಿಬಿ ಅಂದುಬಿಟ್ಟಿದ್ದರು. ಕಫದಲ್ಲಿ ರೋಗಾಣು ಒಮ್ಮೆಯೂ ಸಿಕ್ಕಿರಲಿಲ್ಲ. ಆದರೂ ಆರು ತಿಂಗಳು ಮಾತ್ರೆ ನುಂಗಿದಳು. ಆ ಆರು ತಿಂಗಳು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಎಂದೋ ಓದಿದ್ದೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಈ ಕಾಯಿಲೆಗೆ ಹೆಸರು ಬಂದಿದ್ದೇ 1899ರಲ್ಲಿ ನಾರ್ವೆಯ ಬೋಕ್ ಎಂಬ ವೈದ್ಯರಿಂದ, ಚರ್ಮದ ಗಂಟುಗಳು ಸಾರ್ಕೋಮಾ ಎಂಬ ಕ್ಯಾನ್ಸರ್ ಥರ ಕಂಡವು ಅಂತ. 1974ರಲ್ಲಿ ಡೆನ್ಮಾರ್ಕಿನವರು ಸುಮಾರು 2,500 ರೋಗಿಗಳನ್ನು ನೋಡಿ, ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, 11 ಪಟ್ಟು ಜಾಸ್ತಿ ಅಂದಿದ್ದರು. ಕಣ್ಣು ಮುಚ್ಚಿದರೆ ಆ ಹನ್ನೊಂದೇ ಕಾಣುತ್ತಿತ್ತು.

ಬೆಳಿಗ್ಗೆ ಮೊದಲ ಬಸ್ಸಿಗೆ ದೇವಿಮನೆ ಘಟ್ಟ ಇಳಿದೆವು. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಅಂದರೆ ಹುಬ್ಬಳ್ಳಿ, ಮಣಿಪಾಲ, ಇಲ್ಲವೇ ಗೋವಾ ತಾನೇ.

"ಡಾಕ್ಟ್ರೇ, ಇದು ಮುಂದೆ ಕ್ಯಾನ್ಸರ್ ಆಗ್ತದಾ?" ಒಳಗೆ ಹೋಗಿ ಕೂತ ಕೂಡಲೇ ಆಯಿ ಕೇಳಿದಳು. ನನಗೆ ಬಾಯಿ ಬರದೇ ಇದ್ದ ಪ್ರಶ್ನೆ.

"ಸಾರ್ಕಾಯ್ಡ್ ಕ್ಯಾನ್ಸರ್ ಅಲ್ಲ ಅಮ್ಮ" ಎಂದರು ಡಾಕ್ಟರು. ಆಮೇಲೆ, ನಾನು ಓದಿದ್ದನ್ನು ಹೇಳಿದಾಗ, ನನ್ನ ಹನ್ನೊಂದರ ಲೆಕ್ಕಕ್ಕೆ ಬಂದರು. ಆಗಿನ ಕಾಲಕ್ಕೆ ಮೊದಲಿಂದಲೂ ಕ್ಯಾನ್ಸರೇ ಆಗಿದ್ದ ಕೆಲವರನ್ನೂ ಸಾರ್ಕಾಯ್ಡ್ ಎಂದು ಬರೆದುಕೊಂಡಿದ್ದರಂತೆ. ಹಲವು ಅಧ್ಯಯನ ಒಟ್ಟು ಸೇರಿಸಿ 2015ರಲ್ಲಿ ನೋಡಿದಾಗ ಒಟ್ಟಾರೆ ಕ್ಯಾನ್ಸರ್ ಅಪಾಯ ಸುಮಾರು 1.2 ಪಟ್ಟು ಅಷ್ಟೇ. "ಆದ್ರೆ ಹಳೇ ಕಾಯಿಲೆದೇ ಗಂಟು ಅಂತ ಸುಮ್ನೆ ಬಿಡೋಕಾಗಲ್ಲ."

ಪೆಟ್ ಸ್ಕ್ಯಾನ್ ಮಾಡಿಸೋಣವಾ ಎಂದು ಕೇಳಿದೆ. ಅದರಲ್ಲಿ ಸಾರ್ಕಾಯ್ಡ್, ಕ್ಯಾನ್ಸರ್ ಎರಡೂ ಒಂದೇ ಥರ ಹೊಳೆಯುತ್ತವಂತೆ. ಸಣ್ಣ ಸೂಜಿಯಲ್ಲಿ ಬರುವ ಚೂರಿನಲ್ಲಿ ಲಿಂಫೋಮಾ ಕಣ್ತಪ್ಪಬಹುದು. ಪಕ್ಕದಲ್ಲಿ ಕ್ಯಾನ್ಸರ್ ಇದ್ದರೂ ಗ್ರಂಥಿಯಲ್ಲಿ ಸಾರ್ಕಾಯ್ಡ್ ಥರದ್ದೇ ಗ್ರ್ಯಾನುಲೋಮಾ, ಅಂದರೆ ಉರಿಯೂತದ ಜೀವಕೋಶಗಳ ಸಣ್ಣ ಗುಂಪು, ಕಾಣುವುದುಂಟು. ಹಾಗಾಗಿ ಗ್ರಂಥಿಯನ್ನು ಇಡಿಯಾಗಿ ತೆಗೆದೇ ನೋಡಬೇಕು ಎಂದರು. ಮೂರು ವರ್ಷದಲ್ಲಿ ಇಷ್ಟು ಬಿಡಿಸಿ ಹೇಳಿದವರು ಇವರೊಬ್ಬರೇ.

ನಾಲ್ಕು ಹೊಲಿಗೆ ಬಿತ್ತು. ಒಂಬತ್ತನೇ ದಿನ ರಿಪೋರ್ಟು ಮೊಬೈಲಿಗೆ ಬಂತು. ಆಯಿ ಅಂಗಳದಲ್ಲಿ ಅಡಿಕೆ ಹರವುತ್ತಿದ್ದಳು. ಗ್ರ್ಯಾನುಲೋಮಾ ಮಾತ್ರ, ಲಿಂಫೋಮಾದ ಗುರುತಿಲ್ಲ ಎಂದು ಓದಿ ಹೇಳಿದೆ. ಅವಳು ಅಲ್ಲೇ ಕೂತಳು.

"ಇನ್ನೊಂದ್ಸಲ ಓದು ತಮಾ."

ಓದಿದೆ.