ಅಜ್ಜನ ಮನೆ ಬೇಲಿಯ ತಂತಿ

ಭಾನುವಾರದಿಂದ ಮಗಳ ಒಂದೇ ಮಾತು ಕಿವಿಯಲ್ಲಿ ಸುತ್ತುತ್ತಿದೆ.

ಶಿವಮೊಗ್ಗದ ಹತ್ತಿರ ಇರುವ ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಗೆ ಹೋಗಬೇಕು ಅಂತ ದೀಪಾವಳಿಯಿಂದ ಅವಳ ಹಠ. ಸಾಗರ ರಸ್ತೆಯಲ್ಲಿ ಹತ್ತು ಕಿಲೋಮೀಟರ್, ಅಷ್ಟೇ. ಆದರೂ ಎರಡು ತಿಂಗಳು ತಳ್ಳಿದೆ. ನನಗೆ ರಜೆ ಸಿಕ್ಕ ದಿನ ನೋಡಿದರೆ ಮಂಗಳವಾರ, ಅವತ್ತು ಅಲ್ಲಿ ಬಾಗಿಲು ಹಾಕಿರುತ್ತದೆ. ಕೊನೆಗೆ ಈ ಭಾನುವಾರ ಹೊರಟೆವು. ಸ್ಕೂಟರ್ ಮುಂದೆ ನಿಂತವಳಿಗೆ ಕಿವಿ ಮುಚ್ಚುವ ಟೋಪಿ, ಎರಡು ಸ್ವೆಟರ್. ಊರು ದಾಟಿದ ಮೇಲೂ ಮಂಜು ಇಳಿದಿರಲಿಲ್ಲ.

ಸಫಾರಿ ಬಸ್ಸಿನಲ್ಲಿ ಸಿಂಹ ಕಂಡಿತು, ಹುಲಿಯೂ ಕಂಡಿತು. ಸಿಂಹ ಎಳೆಬಿಸಿಲಿಗೆ ಹೊಟ್ಟೆ ಕೊಟ್ಟು ಮಲಗಿತ್ತು, ನಮ್ಮ ಮನೆ ಬೆಕ್ಕಿನ ಹಾಗೆ. ಬಸ್ಸಿನ ತುಂಬ ಕೂಗಾಟ. ಅದನ್ನೆಲ್ಲ ಬರೆಯಲು ಕೂತಿಲ್ಲ.

ಬಸ್ಸಿಳಿದು ನಡೆಯುತ್ತ ಚಿರತೆಯ ಬಳಿ ಬಂದೆವು. ಒಂದು ಚಿರತೆ ಬೇಲಿಗೆ ಹತ್ತಿರದಲ್ಲೇ ಕೂತಿತ್ತು. ಮುಂದಿನ ಬಲಗಾಲು ಪಾದದ ಮೇಲ್ಗಡೆ ಸಣ್ಣಗಾಗಿತ್ತು. ಅಲ್ಲಿ ಕೂದಲಿಲ್ಲ. ಬಳೆ ತೊಟ್ಟ ಹಾಗೆ ಸುತ್ತಲೂ ಒಂದು ನುಣ್ಣಗಿನ ಗೆರೆ, ಗುಲಾಬಿಯೂ ಅಲ್ಲ ಕಪ್ಪೂ ಅಲ್ಲದ ಬಣ್ಣ. ಅದು ಆ ಗೆರೆಯನ್ನೇ ನೆಕ್ಕುತ್ತಿತ್ತು. ನಿಲ್ಲಿಸುತ್ತಿತ್ತು, ನಮ್ಮ ಕಡೆ ನೋಡುತ್ತಿತ್ತು, ಮತ್ತೆ ನೆಕ್ಕುತ್ತಿತ್ತು.

ಪಕ್ಕದಲ್ಲಿ ಒಬ್ಬ ಅಪ್ಪ, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಜೋರಾಗಿ ಸಿಳ್ಳೆ ಹಾಕುತ್ತಿದ್ದ. ಚಿರತೆ ಎದ್ದು ಓಡಾಡಬೇಕಂತೆ, ವಿಡಿಯೋಗೆ. ಇಂಥವರನ್ನು ಕಂಡರೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಟಿಕೆಟ್ ತಗೊಂಡಿದ್ದು ನೋಡೋದಕ್ಕೆ ತಾನೇ? ಅಲ್ಲೇ ಗುಡಿಸುತ್ತಿದ್ದ ಸಿಬ್ಬಂದಿಯೊಬ್ಬರು ಬಂದು, "ಸಿಳ್ಳೆ ಬೇಡ ಸಾರ್, ಅದು ಮೊದಲೇ ನೊಂದಿರೋ ಪ್ರಾಣಿ" ಅಂದರು. ಅಷ್ಟು ಮೆತ್ತಗೆ ಹೇಳಿದರು ಅಂದರೆ, ಆ ಮನುಷ್ಯ ಬಾಯಿ ಮುಚ್ಚಿದ.

ಮಗಳು ಅವರನ್ನೇ ಕೇಳಿದಳು. "ಅದರ ಕಾಲಿಗೆ ಏನಾಗಿದೆ?"

"ಉರುಳು ಪುಟ್ಟಿ. ಹಂದಿಗೆ ಅಂತ ಬೇಲೀಲಿ ತಂತಿ ಕಟ್ಟಿರ್ತಾರೆ. ಇದು ಹೋಗಿ ಸಿಕ್ಕಿಕೊಂಡಿದೆ."

ಅವಳು ನನ್ನ ಕಡೆ ತಿರುಗಿದಳು. "ಅಮ್ಮ, ಅಜ್ಜನ ಮನೆ ಬೇಲೀಲಿ ಇರೋ ತಂತೀನಾ?"

ಆ ಸಿಬ್ಬಂದಿ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಪೊರಕೆ ತಗೊಂಡು ಹೋದರು.

ಅದೇ ತಂತಿ. ದೀಪಾವಳಿಗೆ ಊರಿಗೆ ಹೋದಾಗ ಗದ್ದೆ ಅಂಚಿನ ಬೇಲಿ ಕಂಡಿಯಲ್ಲಿ ಅವಳು ಅದನ್ನು ಮುಟ್ಟಲು ಹೋಗಿದ್ದಳು. "ಮುಟ್ಟಬೇಡ ಮಗಾ, ಅದು ಹಂದಿಗೆ" ಅಂತ ಅಪ್ಪ ಕೈ ಹಿಡಿದು ಎಳೆದಿದ್ದರು. ಹಳೆ ಬೈಕಿನ ಕ್ಲಚ್ ವಯರ್. ನಾನೂ ಪಕ್ಕದಲ್ಲೇ ಇದ್ದೆ. ಚಿಕ್ಕಂದಿನಿಂದ ನೋಡಿದ ವಸ್ತು, ಅದು ಕಣ್ಣಿಗೆ ಬೀಳುವುದೇ ಇಲ್ಲ.

ನಮ್ಮಪ್ಪ ಕೆಟ್ಟವರಲ್ಲ. ಹಸು ಕರು ಹಾಕುವ ರಾತ್ರಿ ಕೊಟ್ಟಿಗೆಯಲ್ಲೇ ಕೂತು ಬೆಳಗು ಮಾಡುವವರು. ಆದರೆ ಹಂದಿ ಹಿಂಡು ಒಂದು ಸಲ ಗದ್ದೆಗೆ ಇಳಿದರೆ ಏನಾಗುತ್ತದೆ ಅಂತ ನೋಡಿದವರಿಗೇ ಗೊತ್ತು. ತೆನೆ ತಿನ್ನುವುದಕ್ಕಿಂತ ಹೊರಳಾಡಿ ಹಾಳು ಮಾಡುವುದೇ ಜಾಸ್ತಿ. ನಾಲ್ಕು ತಿಂಗಳ ದುಡಿಮೆ ಒಂದೇ ರಾತ್ರಿಗೆ ಕೆಸರು. ಒಂದು ವರ್ಷ ಪರಿಹಾರಕ್ಕೆ ಅರ್ಜಿ ಹಾಕಿ, ಫೋಟೋ ತೆಗೆಸಿ, ಓಡಾಡಿ ಅಪ್ಪ ಸುಸ್ತಾಗಿದ್ದರು. ಬಂದ ದುಡ್ಡು ಬೀಜದ ಖರ್ಚಿಗೂ ಸಾಲಲಿಲ್ಲ. ಅದರ ಮುಂದಿನ ವರ್ಷವೇ ಈ ತಂತಿ ಬಂದಿದ್ದು.

ತಂತಿಗೆ ಮಾತ್ರ ಹಂದಿ ಯಾವುದು, ಚಿರತೆ ಯಾವುದು ಗೊತ್ತಾಗುವುದಿಲ್ಲವಲ್ಲ. ಹಂದಿ ನುಗ್ಗಿ ಮಾಡಿದ ಕಂಡಿಯಲ್ಲೇ ಚಿರತೆಯೂ ನುಸುಳುತ್ತದೆ, ನಾಯಿಯೂ ನುಸುಳುತ್ತದೆ. ಬಿಡಿಸಿಕೊಳ್ಳಲು ಎಳೆದಷ್ಟೂ ಕುಣಿಕೆ ಬಿಗಿಯುತ್ತದೆ. ಕಾಲಿಗೆ ಬಿದ್ದರೆ ಬದುಕಬಹುದು. ಸೊಂಟಕ್ಕೋ ಕುತ್ತಿಗೆಗೋ ಬಿದ್ದರೆ ಮುಗಿಯಿತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಚಿರತೆಗೂ ಹುಲಿಯಷ್ಟೇ ರಕ್ಷಣೆ ಇದೆ, ಉರುಳು ಹಾಕಿ ಸಿಕ್ಕಿಬಿದ್ದರೆ ಜೈಲು. ಊರಲ್ಲಿ ಇದು ಗೊತ್ತಿಲ್ಲದವರಿಲ್ಲ. ಹಾಗಾಗಿ ಚಿರತೆ ಸಿಕ್ಕಿದರೂ ಯಾರೂ ಬಾಯಿ ಬಿಡುವುದಿಲ್ಲ, ಅದು ಅಲ್ಲೇ ಒದ್ದಾಡುತ್ತ ಬಿದ್ದಿರುತ್ತದೆ.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಡಿಕೆ ಸುಲಿಯುವ ಗಡಿಬಿಡಿಯಲ್ಲಿದ್ದರು, ಹಿಂದೆ ಹೆಂಗಸರ ಮಾತು ಕೇಳುತ್ತಿತ್ತು. ಚಿರತೆ ವಿಷಯ ಹೇಳಿದೆ. ಅಪ್ಪನ ಬಾಯಲ್ಲಿ ಚಿರತೆ ಅಂದರೆ ಕುರ್ಕ.

"ಕುರ್ಕ ನಮ್ಮ ಎರಡು ನಾಯಿ ಹೊತ್ತುಕೊಂಡು ಹೋಯ್ತಲ್ಲ, ಅದನ್ನೂ ಹೇಳಿದ್ಯಾ ಮಗಳಿಗೆ?" ಅಂದರು. ಹೇಳಿದ್ದೇನೆ. ಅವಳಿಗೆ ಗೊತ್ತು.

"ಅಪ್ಪ, ಗದ್ದೆ ಕೊಯ್ಲು ಮುಗಿದು ತಿಂಗಳಾಯ್ತು. ಕಾಯೋದಕ್ಕೆ ಅಲ್ಲೇನಿದೆ? ತಂತಿ ತೆಗೆದಿದ್ದೀರಾ?"

ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ತೆಗೆದ್ನೋ ಇಲ್ವೋ, ನೆನಪಿಲ್ಲ" ಅಂದರು.

ಈ ಮಾತು ಕೇಳಿ ನನಗೆ ಆಗಿದ್ದನ್ನು ಹೇಗೆ ಹೇಳುವುದು ಅಂತ ತಿಳಿಯುತ್ತಿಲ್ಲ. ಸಿಟ್ಟಲ್ಲಿ ಹಾಕಿದ್ದು, ನಷ್ಟಕ್ಕೆ ಹೆದರಿ ಹಾಕಿದ್ದು ಅಂದರೆ ಅರ್ಥವಾದರೂ ಆಗುತ್ತದೆ. ಭತ್ತ ಕಣಜಕ್ಕೆ ಬಂತು, ಗದ್ದೆ ಖಾಲಿ, ಹಂದಿಯೂ ಬೇರೆ ಕಡೆ ಹೋಗಿರುತ್ತದೆ. ಆ ಕುಣಿಕೆ ಮಾತ್ರ ಯಾರ ನೆನಪಿನಲ್ಲೂ ಇಲ್ಲದೆ ಮಂಜಿನಲ್ಲಿ ನೇತಾಡುತ್ತಿದೆ. ನಮ್ಮ ಒಂದು ಬೇಲಿಯಲ್ಲಿ ಮಾತ್ರವಾ? ನಮ್ಮ ಕೇರಿಯಲ್ಲೇ ಎಷ್ಟು ಬೇಲಿ, ಎಷ್ಟು ಕಂಡಿ.

ಮಗಳು ಫೋನ್ ಕಿತ್ತುಕೊಂಡಳು. "ಅಜ್ಜ, ಅದು ಕಾಲು ನೆಕ್ತಾನೇ ಇತ್ತು" ಅಂದಳು. ಅತ್ತ ಕಡೆಯಿಂದ ಅಪ್ಪ, "ಹೌದಾ ಮಗಾ" ಅಂದರು. ಮತ್ತೆ, "ಬೆಳಿಗ್ಗೆ ಹೋಗಿ ನೋಡ್ತೀನಿ" ಅಂದರು.

ಇವತ್ತು ಬುಧವಾರ. ಫೋನ್ ಬಂದಿಲ್ಲ, ನಾನೂ ಮಾಡಿಲ್ಲ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಊರಿಗೆ ಹೊರಟಿದ್ದೇವೆ. ಆ ಕಂಡಿ ಎಲ್ಲಿದೆ ಅಂತ ಅವಳಿಗೆ ನನಗಿಂತ ಚೆನ್ನಾಗಿ ನೆನಪಿದೆ.