ನಾನು ಬಿಟ್ಟುಬಿಟ್ಟಿದ್ದ ‘ಆದರೂ’

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಮಹಿಳೆಯರ ಆತ್ಮಕಥನಗಳಿಂದ ಆಯ್ದ ಭಾಗಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಾಗ, ನಾನು ಅನುವಾದವನ್ನೇ ವೃತ್ತಿಯಾಗಿಸಿಕೊಂಡು ಹನ್ನೆರಡು ವರ್ಷಗಳಾಗಿದ್ದವು. ಆ ಭಾಗಗಳಲ್ಲಿ ಜೇನ್ ಮ್ಯಾನಿಂಗ್ ಜೇಮ್ಸ್ ಅವರದೂ ಒಂದು. ಕನೆಕ್ಟಿಕಟ್‌ನ ವಿಲ್ಟನ್‌ನಲ್ಲಿ ಗುಲಾಮಗಿರಿಗೆ ಒಳಪಡದ ಕಪ್ಪು ಕುಟುಂಬದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಬಿಳಿಯರ ಮನೆಗೆಲಸಕ್ಕೆ ಸೇರಿದ ಈ ಮಹಿಳೆ, 1840ರ ದಶಕದ ಆರಂಭದಲ್ಲಿ, ಅಮೆರಿಕದಲ್ಲೇ ಹುಟ್ಟಿದ ಮಾರ್ಮನ್ ಎಂಬ ಕ್ರೈಸ್ತ ಪಂಥವನ್ನು ಸೇರಿದರು. ಮುಪ್ಪಿನಲ್ಲಿ ತಮ್ಮ ಕಥೆಯನ್ನು ಹೇಳಿ ಬರೆಸಿದರು.

ನನ್ನ ಮೊದಲ ಕರಡಿನಲ್ಲಿ ‘ಬೋಧಕರ ಮಾತಿಗೆ ಮನಸೋತು ಮತಾಂತರಗೊಂಡೆ’ ಎಂದಿತ್ತು. ಹಿರಿಯ ಸಂಪಾದಕರು ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ, ‘ಮೇಡಂ, ಇವರನ್ನು ಮತಾಂತರ ಮಾಡಿದವರು ಯಾರು?’ ಎಂದು ಬರೆದಿದ್ದರು. ನಮ್ಮಲ್ಲಿ ಆ ಪದ ಕೇಳಿದೊಡನೆ ಆಮಿಷ ಅಥವಾ ಬಲವಂತದ ನೆರಳು ಸುಳಿಯುತ್ತದೆ. ಅದರ ಮೇಲೆ ನಾನು ‘ಮನಸೋತು’ ಎಂಬುದನ್ನೂ ಸೇರಿಸಿದ್ದೆ.

ಮೂಲಕ್ಕೆ ಮರಳಿದಾಗ ನನಗೆ ನಾಚಿಕೆಯಾಯಿತು. ಜೇನ್ ಅದಾಗಲೇ ಕ್ರೈಸ್ತರಾಗಿದ್ದರು. ಪ್ರೆಸ್ಬಿಟೇರಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದ ಸಭೆಗೆ ಸೇರಿ ಸುಮಾರು ಒಂದೂವರೆ ವರ್ಷವಾಗಿದ್ದರೂ ತೃಪ್ತಿಯಿರಲಿಲ್ಲವೆಂದೂ, ತಾವು ಹುಡುಕುತ್ತಿದ್ದುದು ಇನ್ನೂ ಏನೋ ಇದೆಯೆನಿಸುತ್ತಿತ್ತೆಂದೂ ಅವರು ಹೇಳುತ್ತಾರೆ. ಮಾರ್ಮನ್ ಬೋಧಕರು ಊರಿಗೆ ಬಂದಾಗ, ಅವರ ಬೋಧನೆ ಕೇಳಲು ಹೋಗಕೂಡದೆಂದು ಸಭಾಪಾಲಕರು ತಡೆದರು. ಆದರೂ ಜೇನ್ ಒಂದು ಭಾನುವಾರ ಹೋದರು, ಇದೇ ನಿಜವಾದ ಸುವಾರ್ತೆ ಎಂಬುದು ಅವರಿಗೆ ಪೂರ್ಣವಾಗಿ ಮನದಟ್ಟಾಯಿತು, ಮುಂದಿನ ಭಾನುವಾರವೇ ದೀಕ್ಷಾಸ್ನಾನ ಪಡೆದರು. ಓಟ ಸರಾಗವಾಗಲೆಂದು ನಾನು ಬಿಟ್ಟಿದ್ದದ್ದು ಆ ‘ಆದರೂ’ ಎಂಬ ಪದವನ್ನೇ. ಅನ್ಯರ ಮನೆಯಲ್ಲಿ ದುಡಿಯುವ ಕಪ್ಪು ಹುಡುಗಿಯೊಬ್ಬಳು ಸಭಾಪಾಲಕರ ಮಾತನ್ನು ಮೀರಿದ್ದು ಅಲ್ಲಿಯೇ.

ಎರಡನೆಯ ತಪ್ಪು ಅಡಿಟಿಪ್ಪಣಿಯದು. 1843ರಲ್ಲಿ ಜೇನ್ ತಮ್ಮ ಕುಟುಂಬದೊಂದಿಗೆ ಆಗ ಮಾರ್ಮನ್ನರ ಕೇಂದ್ರವಾಗಿದ್ದ ಇಲಿನಾಯ್‌ನ ‘ನಾವೂ’ ಎಂಬ ಪಟ್ಟಣಕ್ಕೆ ಹೊರಟರು. ಮುಂದಿನ ಪ್ರಯಾಣಕ್ಕೆ ಹಡಗಿನಲ್ಲಿ ಅವಕಾಶ ಸಿಗದೆ ಸುಮಾರು 800 ಮೈಲಿ ನಡೆದರು. ಚಪ್ಪಲಿ ಸವೆದು, ಪಾದ ಬಿರಿದು, ಇಡೀ ಹೆಜ್ಜೆಯ ಗುರುತು ನೆಲದ ಮೇಲೆ ರಕ್ತದಲ್ಲಿ ಮೂಡುತ್ತಿತ್ತು. ನಿಂತು ಒಟ್ಟಾಗಿ ಪ್ರಾರ್ಥಿಸಿದೆವು, ಪಾದಗಳು ಕೂಡಲೇ ವಾಸಿಯಾದವು ಎಂದು ಅವರು ಹೇಳುತ್ತಾರೆ. ಅಲ್ಲಿ ‘ಇದು ನಂಬಿಕೆಯ ಮಾತು’ ಎಂದು ನಾನು ಟಿಪ್ಪಣಿ ಹಾಕಿದ್ದೆ. ರಕ್ತದ ಹೆಜ್ಜೆಗೆ ಟಿಪ್ಪಣಿ ಬೇಡವಾದರೆ ಪ್ರಾರ್ಥನೆಗೇಕೆ ಬೇಕು ಎಂದು ನನ್ನನ್ನೇ ಕೇಳಿಕೊಂಡೆ, ಅದನ್ನು ತೆಗೆದೆ.

ಅದೇ ಪಂಥವು ಅವರ ಬಣ್ಣದ ಕಾರಣಕ್ಕೆ ಮಂದಿರದ ಮುಖ್ಯ ವಿಧಿಗಳನ್ನು ಅವರಿಗೆ ಕೊಡಲಿಲ್ಲ. ಅವರು ಮತ್ತೆ ಮತ್ತೆ ಕೇಳಿದರು, 1908ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ತೀರಿಕೊಳ್ಳುವವರೆಗೂ ಪಂಥವನ್ನು ಬಿಡಲಿಲ್ಲ. ಆ ನಿರ್ಬಂಧ ತೊಲಗಿದ್ದು 1978ರಲ್ಲಿ. ಅಂತಿಮ ಪ್ರತಿಯಲ್ಲಿ ‘ಮತಾಂತರ’ ಎಲ್ಲಿಯೂ ಇಲ್ಲ. ‘ಆದರೂ ಹೋದೆ’ ಎಂಬುದನ್ನು ಸಂಪಾದಕರು ಪ್ರತ್ಯೇಕ ವಾಕ್ಯವಾಗಿಸಿದರು.